ವರ್ಷಕ್ಕೊಂದು ತರಗತಿ

ಇಟಲಿಯ ಉತ್ತರ ತುದಿಯಲ್ಲಿ, ಆಸ್ಟ್ರಿಯಾಕ್ಕೆ ತಾಗಿಕೊಂಡು ದಕ್ಷಿಣ ಟಿರೋಲ್ ಎಂಬ ಗುಡ್ಡಗಾಡು ಸೀಮೆಯಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಗಡಿಗೆರೆ ಜರುಗಿ ಅದು ಇಟಲಿಯ ಪಾಲಾಯಿತು. ಅಲ್ಲಿದ್ದವರಲ್ಲಿ ಶೇಕಡಾ 90ರಷ್ಟು ಮಂದಿಯ ಮನೆಮಾತು ಜರ್ಮನ್. ಊರು ಇದ್ದಲ್ಲೇ ಇದ್ದು ರಾಜ್ಯ ಬದಲಾಗುವುದೆಂದರೆ ಏನೆಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ 1922ರಲ್ಲಿ ಮುಸೊಲಿನಿ ಅಧಿಕಾರಕ್ಕೆ ಬಂದ ಮೇಲೆ ಅಲ್ಲಿ ನಡೆದದ್ದೇ ಬೇರೆ. ಸರ್ವಾಧಿಕಾರ ಮನೆಯೊಳಗೆ ಯಾವ ದಾರಿಯಿಂದ ಬರುತ್ತದೆಂದು ತಿಳಿಯಬೇಕಾದರೆ ಗಡಿನಾಡಿನ ನಾವು ಆ ಸೀಮೆಯ ಚರಿತ್ರೆ ಓದಬೇಕು.

ಅದು ಬಂದದ್ದು ಒಂದನೇ ತರಗತಿಯ ಬಾಗಿಲಿನಿಂದ. 1923ರ ಅಕ್ಟೋಬರ್‌ನಲ್ಲಿ ಬಂದ ಶಾಲಾ ಕಾನೂನು ಜರ್ಮನ್ ಕಲಿಕೆಯನ್ನು ಒಂದೇ ಏಟಿಗೆ ನಿಲ್ಲಿಸಲಿಲ್ಲ. ಮೊದಲ ವರ್ಷ ಒಂದನೇ ತರಗತಿ ಮಾತ್ರ ಇಟಾಲಿಯನ್. ಮರುವರ್ಷ ಎರಡನೆಯದು, ಅದರ ಮರುವರ್ಷ ಮೂರನೆಯದು. ಈ ಲೆಕ್ಕಾಚಾರ ಬಹಳ ಕ್ರೂರವಾದದ್ದು. ನಾಲ್ಕರಲ್ಲೋ ಐದರಲ್ಲೋ ಓದುವ ಮಕ್ಕಳ ಹೆತ್ತವರಿಗೆ ಬಿಸಿ ತಟ್ಟುವುದೇ ಇಲ್ಲ. ಒಂದನೇ ತರಗತಿಗೆ ಮಗುವನ್ನು ಕಳಿಸುವವರು ಪ್ರತಿ ವರ್ಷ ಹೊಸಬರು, ಸಂಖ್ಯೆಯಲ್ಲಿ ಕಡಿಮೆ, ಒಬ್ಬೊಬ್ಬರೇ. ಜರ್ಮನ್ ಅಧ್ಯಾಪಕರಲ್ಲಿ ಕೆಲವರನ್ನು ತೆಗೆದುಹಾಕಿದರು, ಕೆಲವರನ್ನು ಇಟಲಿಯ ದೂರದ ಪ್ರಾಂತಗಳಿಗೆ ಎತ್ತಂಗಡಿ ಮಾಡಿದರು. ಆ ಜಾಗಕ್ಕೆ ಬಂದವರಿಗೆ ಮಕ್ಕಳ ಮಾತು ಗೊತ್ತಿರಲಿಲ್ಲ. 1925ರಲ್ಲಿ ಖಾಸಗಿ ಪಾಠವನ್ನೂ ನಿಷೇಧಿಸಿದರು.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ಹಾಕಿದ ನೋವು ನಮ್ಮಲ್ಲೂ ಇದೆ, ಅದು ಸಣ್ಣದಲ್ಲ. ಆದರೂ ಇಲ್ಲಿ ಹೆತ್ತವರು ಪ್ರತಿಭಟನೆಗೆ ಕೂತಿದ್ದಾರೆ, ನ್ಯಾಯಾಲಯದ ಮೆಟ್ಟಿಲೇರಿದ್ದಾರೆ. ಕನ್ನಡಿಗರು ಇಲ್ಲಿನ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದೆಂದು 1969ರ ಕೇರಳದ ಭಾಷಾ ಕಾನೂನಿನಲ್ಲಿದೆ. ಪಾಲನೆಯಾಗದಿದ್ದಾಗ ಅದನ್ನೇ ಮುಂದಿಟ್ಟು ಕೇಳಬಹುದು. ಟಿರೋಲಿನಲ್ಲಿ ಕೇಳುವುದು ಯಾರಲ್ಲಿ? 1926ರಲ್ಲಿ ಚುನಾಯಿತ ಮೇಯರ್‌ಗಳನ್ನೇ ರದ್ದು ಮಾಡಿ, ಸರಕಾರ ನೇಮಿಸಿದ ‘ಪೊದೆಸ್ತಾ’ ಎಂಬ ಅಧಿಕಾರಿಗಳನ್ನು ಕೂರಿಸಿದರು. ವಿರೋಧ ಪಕ್ಷಗಳೂ ಉಳಿಯಲಿಲ್ಲ. ಮನವಿ ಕೊಡಲು ಒಂದು ಮೇಜೂ ಇಲ್ಲದಂತಾಯಿತು.

ಆಗ ಹುಟ್ಟಿದ್ದು ‘ಕ್ಯಾಟಕೋಂಬ್ ಶಾಲೆ’ಗಳು, ಅಂದರೆ ನೆಲಮಾಳಿಗೆಯ ಶಾಲೆಗಳು. ಮೊದಲ ಕ್ರೈಸ್ತರು ಮನೆಗಳಲ್ಲಿ, ನೆಲದಡಿಯ ಸಮಾಧಿಗಳಲ್ಲಿ ಅಡಗಿ ತಮ್ಮ ಶ್ರದ್ಧೆ ಉಳಿಸಿಕೊಂಡಂತೆ ನಾವೂ ಮಾಡಬೇಕೆಂದು ಮೈಕೆಲ್ ಗ್ಯಾಂಪರ್ ಎಂಬ ಪಾದ್ರಿ 1923ರ ನವೆಂಬರ್‌ನಲ್ಲಿ ಬರೆದರು. ಹೆಸರು ಬಂದದ್ದು ಅಲ್ಲಿಂದ. ಕಲಿಸಿದವರು ಹೆಚ್ಚಾಗಿ ಹಳ್ಳಿಯ ಯುವತಿಯರು. ಅವರ ತರಬೇತಿ ನಡೆದದ್ದು ಹೊಲಿಗೆ ತರಗತಿಯ ಹೆಸರಿನಲ್ಲಿ. ಪುಸ್ತಕಗಳು ಗಡಿಯಾಚೆಯಿಂದ ಕಳ್ಳದಾರಿಯಲ್ಲಿ ಬರಬೇಕು. ಹಗಲು ಇಟಾಲಿಯನ್ ಶಾಲೆ ಮುಗಿಸಿ ಬಂದ ಬೆರಳೆಣಿಕೆಯ ಮಕ್ಕಳು ಯಾರದೋ ಅಡುಗೆಮನೆಯಲ್ಲೋ ಅಟ್ಟದಲ್ಲೋ ಸೇರುತ್ತಿದ್ದರು. ವಾರಕ್ಕೆ ಕೆಲವೇ ಗಂಟೆ ಪಾಠ. ಐದಾರು ವರ್ಷದ ಮಗುವಿಗೆ ಅಕ್ಷರ ತಿದ್ದಿಸುವ ಮೊದಲೇ ಬಾಯಿ ಬಿಡದಿರಲು ಕಲಿಸಬೇಕಾಯಿತು.

ಸಿಕ್ಕಿಬಿದ್ದರೆ ದಂಡ, ಜೈಲು, ಗಡೀಪಾರು. ಈ ಶಾಲೆಗಳನ್ನು ಸಂಘಟಿಸಿದ ವಕೀಲ ಯೋಸೆಫ್ ನೋಲ್ಡಿನ್ ಅವರನ್ನು ಲಿಪಾರಿ ದ್ವೀಪಕ್ಕೆ ಅಟ್ಟಿದರು; ಅಲ್ಲಿ ಹತ್ತಿದ ಮಲೇರಿಯಾದಿಂದ ಅವರು 1929ರಲ್ಲಿ ತೀರಿಕೊಂಡರು. ಅಧ್ಯಾಪಕಿ ಆಂಗೆಲಾ ನಿಕೊಲೆಟ್ಟಿ ಜೈಲು ಕಂಡು, ಮತ್ತೆ ಪಾಠಕ್ಕೆ ಮರಳಿ, 1930ರಲ್ಲಿ ಕ್ಷಯದಿಂದ ಸತ್ತರು. ಆಗ ಅವರಿಗೆ ಬರೇ 25 ವರ್ಷ. ಇವರ ದುಡಿಮೆಯಿಂದ ಮಾತೇನೋ ಉಳಿಯಿತು. ಆದರೆ ದಣಿದ ಮಕ್ಕಳಿಗೆ ವಾರದ ಆ ಕೆಲವು ಗಂಟೆ ಎಲ್ಲಿ ಸಾಲಬೇಕು? ಮನೆಮಾತಿನಲ್ಲಿ ಬರೆಯಲು ತಡವರಿಸುವ, ಇಟಾಲಿಯನ್ನೂ ಪೂರ್ತಿ ಒಲಿಯದ ಒಂದು ತಲೆಮಾರು ಬೆಳೆಯಿತು.

ಊರ ಹೆಸರುಗಳನ್ನು ಬದಲಿಸಲು ಎತ್ತೊರೆ ತೊಲೊಮೆಯಿ ಎಂಬಾತ ಮೊದಲೇ ಪಟ್ಟಿ ತಯಾರಿಸಿಟ್ಟಿದ್ದ. ಬೋಟ್ಸೆನ್ ‘ಬೊಲ್ಸಾನೊ’ ಆಯಿತು. ಸ್ಟೆರ್ಟ್ಸಿಂಗ್ ಎಂಬ ಊರಿಗೆ ಹಳೆಯ ರೋಮನ್ ಹೆಸರು ಹೆಕ್ಕಿ ತಂದು ‘ವಿಪಿತೆನೊ’ ಎಂದರು. ಮಂಜೇಶ್ವರವನ್ನು ‘ಮಂಜೇಶ್ವರಂ’ ಎಂದು ಬರೆದಾಗ ಕೂಡ ನಮ್ಮಲ್ಲಿ ಎಷ್ಟು ಕಸಿವಿಸಿ! 1927ರಿಂದ ಹೊಸ ಗೋರಿಕಲ್ಲಿನ ಮೇಲೂ ಜರ್ಮನ್ ಬರಹ ನಿಷಿದ್ಧ. ಆರು ದಶಕ ಕಳೆದು ಬಲ್ಗೇರಿಯಾದ ಕಮ್ಯುನಿಸ್ಟ್ ಸರಕಾರ 1984ರ ಕೊನೆಯಿಂದ ತನ್ನ ತುರ್ಕಿ ಪ್ರಜೆಗಳಿಗೆ ಇದೇ ಮಾಡಿತು. ಸುಮಾರು ಎಂಟು ಲಕ್ಷ ಜನರ ಹೆಸರು ಕಿತ್ತು ಬಲ್ಗೇರಿಯನ್ ಹೆಸರು ಅಂಟಿಸಿತು, ದಾಖಲೆಗಳಲ್ಲಿ ಸತ್ತ ಹಿರಿಯರನ್ನೂ ಬಿಡಲಿಲ್ಲ. ಹೊರಗೆ ತುರ್ಕಿ ಮಾತನಾಡಿದರೆ ದಂಡ. 1989ರಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಜನ ಗಂಟುಮೂಟೆ ಕಟ್ಟಿ ತುರ್ಕಿಗೆ ಹೊರಟರು. ಎಡವೋ ಬಲವೋ, ಕೈ ಹಾಕುವ ಜಾಗ ಒಂದೇ.

ಟಿರೋಲಿನ ಮನೆಗಳನ್ನು ಒಡೆದದ್ದು ಮಾತ್ರ ಹಿಟ್ಲರ್ ಮತ್ತು ಮುಸೊಲಿನಿ 1939ರಲ್ಲಿ ಮಾಡಿಕೊಂಡ ಒಪ್ಪಂದ. ಹಿಟ್ಲರನ ಜರ್ಮನಿಗೆ ಹೋಗುವುದೋ, ಇಟಲಿಯಲ್ಲಿದ್ದು ಇಟಾಲಿಯನ್ನರಾಗುವುದೋ, ಡಿಸೆಂಬರ್ 31ರೊಳಗೆ ಆರಿಸಬೇಕಿತ್ತು. ಬಹುಪಾಲು ಜನ ಹೋಗುತ್ತೇವೆಂದರು, ನಿಜಕ್ಕೂ ಹೊರಟವರು ಸುಮಾರು 75,000. ಉಳಿಯುತ್ತೇವೆಂದವರನ್ನು ನೆರೆಹೊರೆಯವರೇ ದ್ರೋಹಿಗಳೆಂದರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಕಾಗದಕ್ಕೆ ಸಹಿ ಹಾಕಿದರು.

1946ರ ಪ್ಯಾರಿಸ್ ಒಪ್ಪಂದದಲ್ಲಿ ಮಾತೃಭಾಷೆಯ ಶಾಲೆಯ ಹಕ್ಕು ಬರಹಕ್ಕೆ ಇಳಿಯಿತು. ಈಗ ಅಲ್ಲಿ ಊರಿನ ಫಲಕಗಳಲ್ಲಿ ಎರಡೂ ಹೆಸರುಗಳಿವೆ. ತೊಲೊಮೆಯಿಯ ಪಟ್ಟಿಯ ಹೆಸರುಗಳ ಬಗ್ಗೆ ತಕರಾರು ಇನ್ನೂ ಮುಗಿದಿಲ್ಲ.