ಹಳದಿ ಜೆರ್ಸಿಯಲ್ಲಿ ಕಂಠೀರವಕ್ಕೆ

2023ರ ಮಾರ್ಚ್ 3, ಶುಕ್ರವಾರ. ಹಿಂದಿನ ರಾತ್ರಿ ಕಾಸರಗೋಡಿನಲ್ಲಿ ರೈಲು ಹತ್ತಿ ಬೆಳಗ್ಗೆ ಬೆಂಗಳೂರಲ್ಲಿ ಇಳಿದೆ. ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಕೇರಳ ಬ್ಲಾಸ್ಟರ್ಸ್‌ನ ಹಳದಿ ಜೆರ್ಸಿ. ಸಂಜೆ 7.30ಕ್ಕೆ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಜೊತೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಪ್ಲೇಆಫ್. ಒಂದೇ ಪಂದ್ಯ, ಸೋತವರು ಮನೆಗೆ.

ನಮ್ಮ ಮನೆಮಾತು ಕನ್ನಡ, ನಾನು ಓದಿದ್ದೂ ಕನ್ನಡ ಮೀಡಿಯಂ. ಆದರೆ 1956ರಿಂದ ನಮ್ಮ ಊರು ಕೇರಳದಲ್ಲಿದೆ. 2014ರಲ್ಲಿ ಬ್ಲಾಸ್ಟರ್ಸ್ ಶುರುವಾದಾಗ ಗೆಳೆಯರೆಲ್ಲ ಒಂದೇ ಟಿವಿ ಮುಂದೆ ಕೂತು ನೋಡುತ್ತಿದ್ದೆವು, ಆ ವರ್ಷವೇ ತಂಡ ಫೈನಲ್ಲಿಗೆ ಹೋಗಿ ಸೋತಿತು, ನನಗೆ ಅಂಟಿಕೊಂಡಿದ್ದು ಆಗಲೇ. ಆಮೇಲೆ 2016ರಲ್ಲಿ, 2022ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. ಸೋಲಿನಲ್ಲಿ ಹಿಡಿದ ಪ್ರೀತಿ ಅಷ್ಟು ಸುಲಭಕ್ಕೆ ಬಿಡಲ್ಲ.

ನನ್ನ ಸೋದರಮಾವನ ಮಗ ಇರೋದು ಮಲ್ಲೇಶ್ವರದಲ್ಲಿ. ಅವನು ಹುಟ್ಟಾ ನೀಲಿ, ಅಂದರೆ ಬೆಂಗಳೂರು ತಂಡದವನು. ಸ್ಟೇಷನ್ನಿಗೇ ಬಂದಿದ್ದ.

"ಏನು ಭಾವ, ಹಳದಿ ಹಾಕ್ಕೊಂಡೇ ಇಳೀತೀಯ ಅಂದ್ಕೊಂಡಿದ್ದೆ."

"ಸಂಜೆಗೆ ಹಾಕ್ತೀನಿ, ಮೊದಲು ದೋಸೆ ಕೊಡಿಸು."

ಸಿಟಿಆರ್‌ಗೆ ಹೋಗಿ ಬೆಣ್ಣೆ ದೋಸೆ ತಿಂದೆವು. ಅಂಚು ಗರಿಗರಿ, ನಡುವೆ ಮೆತ್ತಗೆ, ಬೆಣ್ಣೆ ಬೆರಳ ಸಂದಿಯವರೆಗೂ. ಆ ಬೆಳಗ್ಗೆ ನಾನು ಯಾವ ಬಣ್ಣದವನು ಅಂತ ಯಾರೂ ಕೇಳಲಿಲ್ಲ.

ಸಂಜೆ ಜೆರ್ಸಿ ಹಾಕಿದ ಮೇಲೆ ಎಲ್ಲ ಬೇರೆ. ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದರೆ ಮೆಟ್ಟಿಲ ತುಂಬ ನೀಲಿ, ನಡುನಡುವೆ ನಮ್ಮ ಹಳದಿ. ರಸ್ತೆ ಬದಿಯಲ್ಲಿ ಕಡಲೆಕಾಯಿ ಮಾರುವವರು ನನ್ನನ್ನು ನೋಡಿ ಹಿಂದಿಯಲ್ಲಿ ರೇಟು ಹೇಳಿದರು. "ಹತ್ತು ರೂಪಾಯಿದು ಕೊಡಿ ಅಣ್ಣ" ಅಂದೆ. ಅವರು ಒಂದು ಸಲ ಜೆರ್ಸಿ ನೋಡಿದರು, ಒಂದು ಸಲ ಮುಖ ನೋಡಿದರು, ಪೊಟ್ಟಣಕ್ಕೆ ಇನ್ನೊಂದು ಹಿಡಿ ಜಾಸ್ತಿ ಹಾಕಿದರು. ಗೇಟಿನ ಹತ್ತಿರ ನಾನೂ ಭಾವನೂ ಬೇರೆಯಾದೆವು. ಅವನು ಬೆಂಗಳೂರು ಅಭಿಮಾನಿಗಳ ವೆಸ್ಟ್ ಬ್ಲಾಕಿಗೆ, ನಾನು ಬ್ಲಾಸ್ಟರ್ಸ್ ಅಭಿಮಾನಿಗಳ ಗುಂಪಾದ ಮಂಜಪ್ಪಡದ ಹುಡುಗರ ಜೊತೆ.

ಕಂಠೀರವ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ತಯಾರಾದ ಸ್ಟೇಡಿಯಂ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಹಾಗಾಗಿ ಆಟ ಸ್ವಲ್ಪ ದೂರ. ಆದರೂ ವೆಸ್ಟ್ ಬ್ಲಾಕಿನ ಚಪ್ಪಾಳೆ ಆ ದೂರವನ್ನೆಲ್ಲ ದಾಟಿ ಬಂದು ಎದೆಗೆ ಬಡಿಯುತ್ತದೆ. ಮೊದಲು ನಿಧಾನ, ಆಮೇಲೆ ಬೇಗ, ಆಮೇಲೆ ಇನ್ನೂ ಬೇಗ, ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬರುವ ಮುಂಚೆ ಚೆಂಡೆ ಏರುತ್ತದಲ್ಲ, ಹಾಗೆ. ನಮ್ಮ ಕಡೆ ಮಲಯಾಳದ ಕೂಗು, ಎದುರುಗಡೆ ಕನ್ನಡದ ಕೂಗು. ನಾನು ಕೂಗುತ್ತಿದ್ದದ್ದು ಒಂದು, ಆದರೆ ಎರಡೂ ಕಡೆಯ ಮಾತು ನನಗೆ ಅರ್ಥವಾಗುತ್ತಿತ್ತು. ಆ ಸಾಲಿನಲ್ಲಿ ಹಾಗೆ ಎಷ್ಟು ಜನ ಇದ್ದರೋ, ನನಗಂತೂ ಅದು ದೊಡ್ಡ ಭಾಗ್ಯ ಅನ್ನಿಸಿತು.

90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯ ಶುರುವಾಯಿತು. 96ನೇ ನಿಮಿಷದಲ್ಲಿ ಅವರಿಗೆ ಫ್ರೀ ಕಿಕ್ ಸಿಕ್ಕಿತು. ನಮ್ಮವರು ಚೆಂಡು ತಡೆಯಲು ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರೂ ತಯಾರಿರಲಿಲ್ಲ, ಸುನಿಲ್ ಛೇಟ್ರಿ ಚೆಂಡನ್ನು ಒಳಗೆ ಹಾಕಿಯೇ ಬಿಟ್ಟರು. ಪಕ್ಕದವನು ನೀರು ಕುಡಿಯುತ್ತಿದ್ದ, ಬಾಟಲಿ ಬಾಯಲ್ಲೇ ಉಳಿಯಿತು. ಗೋಲು ಕೊಟ್ಟಿದ್ದಾರಾ ಇಲ್ವಾ ಅಂತ ನಮಗೆ ಗೊತ್ತಾಗಿದ್ದು ಎದುರಿನ ನೀಲಿ ಕುಣಿದಾಗಲೇ. ಸ್ವಲ್ಪ ಹೊತ್ತಿಗೆ ಕೋಚ್ ಇವಾನ್ ವುಕೊಮನೊವಿಚ್ ನಮ್ಮ ಆಟಗಾರರನ್ನು ಹೊರಗೆ ಕರೆದರು. ಅವರು ಹೋದರು, ವಾಪಸ್ ಬರಲೇ ಇಲ್ಲ. ನಾವು ನಿಂತೇ ಇದ್ದೆವು. ಕೊನೆಗೆ ಪಂದ್ಯ ಬೆಂಗಳೂರಿಗೆ ಅಂತ ಘೋಷಣೆಯಾಯಿತು.

ಆಮೇಲೆ ಕ್ಲಬ್ಬಿಗೆ 4 ಕೋಟಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಎಲ್ಲರೂ ಮಾತಾಡಿದ್ದು ಅದನ್ನೇ. ನನ್ನ ನೋವು ಬೇರೆ. ರಾತ್ರಿಯಿಡೀ ರೈಲಲ್ಲಿ ಬಂದವನಿಗೆ ಸೋಲು ಹೊಸದಲ್ಲ, ಸೋಲನ್ನು ಹೊತ್ತುಕೊಂಡು ಹೋಗೋದು ಗೊತ್ತು. ಆದರೆ ಆ ಪಂದ್ಯದಲ್ಲಿ ಇನ್ನೂ 24 ನಿಮಿಷ ಇತ್ತು. ಆ 24 ನಿಮಿಷ ನಮಗೆ ಆಡಿ ತೋರಿಸಬೇಕಿತ್ತು. ಗೋಲು ನಿಯಮದ ಪ್ರಕಾರ ಸರಿಯೋ ತಪ್ಪೋ, ಆಡಬೇಕಿತ್ತು.

ಗೇಟಿನ ಹೊರಗೆ ಭಾವ ಕಾಯುತ್ತಿದ್ದ. ಕುಣಿಯುತ್ತ ಬರುತ್ತಾನೆ ಅಂದುಕೊಂಡಿದ್ದೆ. ಬಂದವನೇ ಭುಜದ ಮೇಲೆ ಕೈ ಹಾಕಿ, "ನಿಮ್ಮವರು ಹೋಗಬಾರ್ದಿತ್ತು ಭಾವ" ಅಂದ. ಅಷ್ಟೇ. ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಿಸಿ ಸಂಪಿಗೆ ರಸ್ತೆಯಲ್ಲಿ ಇಳಿಯುವವರೆಗೂ ಅವನು ಆ ಗೋಲಿನ ಬಗ್ಗೆ ಒಂದು ಮಾತು ಆಡಲಿಲ್ಲ. ಬೋಗಿ ತುಂಬ ನೀಲಿ ಜೆರ್ಸಿಯವರು ಹಾಡುತ್ತಿದ್ದರು. ಅವನು ನನ್ನ ಪಕ್ಕ ಸುಮ್ನೆ ನಿಂತಿದ್ದ.

ಮನೆಯಲ್ಲಿ ಅತ್ತೆ ಸಾರು ಬಿಸಿ ಮಾಡಿ ಕಾಯುತ್ತಿದ್ದರು. "ಗೆದ್ದವರು ಯಾರೋ?" ಅಂದರು. ಇಬ್ಬರೂ ತಟ್ಟೆ ನೋಡಿದೆವು.

ಅದೇ ವರ್ಷ ಸೆಪ್ಟೆಂಬರ್ 21ಕ್ಕೆ ಹೊಸ ಸೀಸನ್ನಿನ ಮೊದಲ ಪಂದ್ಯ, ಕೊಚ್ಚಿಯಲ್ಲಿ, ಮತ್ತೆ ಇವೇ ಎರಡು ತಂಡ. ಈ ಸಲ ರೈಲು ಹತ್ತಿದ್ದು ಭಾವ, ನೀಲಿ ಜೆರ್ಸಿ ಬ್ಯಾಗಿನಲ್ಲಿಟ್ಟುಕೊಂಡು. ಅವನಿಗೆ ಮಲಯಾಳ ಒಂದಕ್ಷರ ಬರಲ್ಲ. ಸ್ಟೇಡಿಯಂ ಇರುವ ಕಲೂರಿನಲ್ಲಿ ಚಹಾದಿಂದ ಹಿಡಿದು ಆಟೋದವರೆಗೆ ಅವನ ಪರವಾಗಿ ನಾನೇ ಮಾತಾಡಿದೆ. 2-1, ಗೆದ್ದಿದ್ದು ನಾವು. ಪೂರ್ತಿ ಆಡಿ ಗೆದ್ದೆವು.