ನಿದ್ದೆ ಅಳೆಯುವ ಫೋನು, ನಿದ್ದೆಗೆ ಬೇಕಾದ ಕತ್ತಲು

ನಿದ್ದೆ ಲೆಕ್ಕ ಹಾಕುವ ಆ್ಯಪ್ ಬಳಸುವವರಿಗೆ ಒಂದು ಮಾತು. ಮೊದಲು ಸ್ಕ್ರೀನಿನ ಬೆಳಕು ಸರಿಮಾಡಿಕೊಳ್ಳಿ.

ಬ್ರೈಟ್‌ನೆಸ್ ಪೂರ್ತಿ ಎಡಕ್ಕೆ ಎಳೆದರೂ ಕತ್ತಲ ಕೋಣೆಯಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ, ಅಲ್ವಾ? ಆಂಡ್ರಾಯ್ಡ್ 12ರಿಂದ ಬಂದ 'ಎಕ್ಸ್‌ಟ್ರಾ ಡಿಮ್' ಹಾಕಿದರೆ ಇನ್ನೂ ಕೆಳಗಿಳಿಯುತ್ತದೆ. ಐಫೋನಿನಲ್ಲಿ ಇದೇ ಕೆಲಸಕ್ಕೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ 'ರೆಡ್ಯೂಸ್ ವೈಟ್ ಪಾಯಿಂಟ್' ಇದೆ. ನಾನು ಎಕ್ಸ್‌ಟ್ರಾ ಡಿಮ್ ಹಾಕಿ, ಆ್ಯಪಿಗೆ ಡಾರ್ಕ್ ಥೀಮ್ ಕೊಟ್ಟಿದ್ದೇನೆ. ಪ್ರತಿ ಚುಕ್ಕಿಯೂ ತಾನೇ ಬೆಳಗುವ ಓಎಲ್ಇಡಿ ಪರದೆಯಲ್ಲಿ ಕಪ್ಪು ಅಂದರೆ ಆ ಚುಕ್ಕಿಗಳು ಆರಿಯೇ ಹೋಗುತ್ತವೆ. ಈಗ ಕಾಣುವುದು ಗಡಿಯಾರದ ಮಸುಕಾದ ಅಂಕಿ ಮಾತ್ರ. ಎಲ್‌ಸಿಡಿ ಪರದೆಯಲ್ಲಿ ಹಾಗಲ್ಲ, ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ.

ಸ್ಕ್ರೀನಿನ ಬಣ್ಣ ಹಳದಿ ಮಾಡಿದರೆ ಸಾಕು ಅಂದುಕೊಳ್ಳುವವರು ತುಂಬಾ ಜನ. ಸಾಲದು. ನಮ್ಮ ಕಣ್ಣಿನಲ್ಲಿ ಹಗಲು ರಾತ್ರಿ ಗುರುತಿಸುವ ಬೇರೆಯೇ ಜೀವಕೋಶಗಳಿವೆ. ಅವು ನೀಲಿ ಬೆಳಕಿಗೆ, ಅಂದರೆ ಸುಮಾರು 480 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿಗೆ, ಜಾಸ್ತಿ ಸ್ಪಂದಿಸುತ್ತವೆ ನಿಜ. ಆದರೆ ಒಟ್ಟು ಬೆಳಕು ಎಷ್ಟಿದೆ ಅನ್ನುವುದೂ ಅಷ್ಟೇ ಮುಖ್ಯ. ಬೆಳಕು ಹೆಚ್ಚಿದ್ದರೆ ಮೆಲಟೋನಿನ್, ಅಂದರೆ ರಾತ್ರಿಯಾಯಿತು ಅಂತ ದೇಹಕ್ಕೆ ತಿಳಿಸುವ ಹಾರ್ಮೋನು, ತಡವಾಗುತ್ತದೆ.

ಇಷ್ಟಕ್ಕೂ ಎಷ್ಟೋ ಆ್ಯಪ್‌ಗಳಿಗೆ ಸ್ಕ್ರೀನ್ ಬೇಕಾಗಿಯೇ ಇಲ್ಲ. ಅವು ಮೈಕಿನಿಂದ ಉಸಿರು, ಗೊರಕೆ ಕೇಳಿಸಿಕೊಳ್ಳುತ್ತವೆ, ಹಾಸಿಗೆಯ ಅಲುಗಾಟವನ್ನು ಸೆನ್ಸರ್ ಹಿಡಿಯುತ್ತದೆ. ಲಾಕ್ ಮಾಡಿದರೂ ನಡೆಯುತ್ತದಾ ನೋಡಿ. ನಡೆದರೆ ಸುಮ್ನೆ ಬೋರಲು ಹಾಕಿಬಿಡಿ. ದಿಂಬಿನ ಕೆಳಗೆ ಮಾತ್ರ ಬೇಡ, ಚಾರ್ಜಿಗೆ ಹಾಕಿದ್ದರೆ ಬಿಸಿಯಾಗುತ್ತದೆ.

ನಡುರಾತ್ರಿ ಎಚ್ಚರವಾದಾಗ ನಿದ್ದೆಗೆ ಆ್ಯಪ್ ಕೊಡುವ ಅಂಕ ಎಷ್ಟು ಬಂತು ಅಂತ ನೋಡುವ ಆಸೆ ಬರುತ್ತದಲ್ಲ, ಅದನ್ನು ಬೆಳಿಗ್ಗೆಗೆ ಬಿಡಿ. ಲೆಕ್ಕ ಎಲ್ಲೂ ಹೋಗುವುದಿಲ್ಲ.