ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ

ಹನ್ನೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿದ ಮೇಲೆ ನಾನು ಎಂ.ಎಡ್. ಸೇರಿದೆ. ಅಲ್ಲಿ ಶೈಕ್ಷಣಿಕ ಸಂಶೋಧನೆ ಎಂಬ ವಿಷಯವನ್ನು ಓದುವುದರ ಜೊತೆಗೆ ಒಂದು ಪ್ರಬಂಧವನ್ನೂ ಬರೆಯಬೇಕಿತ್ತು. ದಶಕ ಸಹಿತ ವ್ಯವಕಲನದಲ್ಲಿ, ಅಂದರೆ ಹತ್ತರ ಸ್ಥಾನದಿಂದ ಎರವಲು ಪಡೆದು ಕಳೆಯುವ ಲೆಕ್ಕದಲ್ಲಿ, ಹಿಂದುಳಿದ ಮಕ್ಕಳಿಗೆ ಹತ್ತು ಹತ್ತು ಕಡ್ಡಿಯ ಕಟ್ಟುಗಳನ್ನು ಬಿಚ್ಚಿಸಿ ಕಲಿಸಿದರೆ ಕಲಿಕೆ ಉತ್ತಮಗೊಳ್ಳುತ್ತದೆ ಎಂಬುದು ನನ್ನ ಪ್ರಾಕ್ಕಲ್ಪನೆ, ಅಂದರೆ ಪರೀಕ್ಷಿಸಿ ನೋಡಬೇಕಾದ ಊಹೆ. ಪೂರ್ವ ಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದ 18 ಮಕ್ಕಳನ್ನು ಆಯ್ದು, ನಾಲ್ಕು ವಾರ ಕಲಿಸಿ, ಮತ್ತೆ ಪರೀಕ್ಷಿಸಿದಾಗ ಸರಾಸರಿ ಏರಿತ್ತು. ಸರಾಸರಿಗಳ ವ್ಯತ್ಯಾಸವನ್ನು ತೂಗಿ ನೋಡುವ ಟಿ-ಪರೀಕ್ಷೆಯ ಬೆಲೆಯೂ 0.01 ಮಟ್ಟದಲ್ಲಿ ಸಾರ್ಥಕವಾಗಿತ್ತು, ಅಂದರೆ ನಿಜವಾದ ಬದಲಾವಣೆ ಇಲ್ಲದಿದ್ದರೆ ಇಷ್ಟು ಏರಿಕೆ ಬರಿಯ ಆಕಸ್ಮಿಕವಾಗಿ ಬರುವ ಸಾಧ್ಯತೆ ನೂರಕ್ಕೆ ಒಂದನ್ನು ಮೀರುತ್ತಿರಲಿಲ್ಲ.

ಪಟ್ಟಿ ನೋಡಿದ ಮಾರ್ಗದರ್ಶಕರು, "ನೀವು ಕಲಿಸದಿದ್ದರೂ ಇವರ ಅಂಕ ಏರುತ್ತಿರಲಿಲ್ಲವೇ?" ಎಂದು ಕೇಳಿದರು. ಒಂದು ದಿನದ ಕಡಿಮೆ ಅಂಕದಲ್ಲಿ ಮಗುವಿನ ಅರಿವಿನ ಜೊತೆಗೆ ಆ ದಿನದ ಜ್ವರ, ಹಸಿವು, ಗಾಬರಿಗಳೂ ಸೇರಿರುತ್ತವೆ. ತಳದಲ್ಲಿದ್ದವರನ್ನೇ ಆರಿಸಿ ಮರುಪರೀಕ್ಷೆ ಮಾಡಿದರೆ ಅವರ ಸರಾಸರಿ ತಾನಾಗಿಯೇ ಸ್ವಲ್ಪ ಮೇಲಕ್ಕೆ ಬರುತ್ತದೆ. ಎತ್ತರದ ತಂದೆ ತಾಯಿಯರ ಮಕ್ಕಳ ಎತ್ತರ ಸರಾಸರಿಯತ್ತ ವಾಲುವುದನ್ನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ವಿವರಿಸಿದ್ದು ಇದೇ ಬಗೆಯ ವಿದ್ಯಮಾನ. ಹೋಲಿಸಿ ನೋಡಲು ನನ್ನ ಬಳಿ ನಿಯಂತ್ರಿತ ಗುಂಪು, ಅಂದರೆ ಈ ವಿಧಾನದಲ್ಲಿ ಕಲಿಸದ ಅಂಥದೇ ಮಕ್ಕಳ ಗುಂಪು, ಇರಲಿಲ್ಲ. ಪ್ರತಿ ವರ್ಷ, ಹಿಂದುಳಿದ ಮಕ್ಕಳಿಗೆ ಮತ್ತೆ ಕಲಿಸುವ ಪರಿಹಾರ ಬೋಧನೆಯ ವರದಿಯಲ್ಲಿ "ಪ್ರಗತಿ ಕಂಡುಬಂದಿದೆ" ಎಂದು ನಾನು ಬರೆದದ್ದೆಲ್ಲ ಇದೇ ತಪ್ಪಿನ ಮೇಲೆ ನಿಂತಿತ್ತೇ ಎಂಬ ಯೋಚನೆ ನನ್ನನ್ನು ಬಹಳ ದಿನ ಕಾಡಿತು.

ಅಧ್ಯಯನವನ್ನು ಹೋಲಿಕೆಯ ಗುಂಪಿನೊಂದಿಗೆ ಮತ್ತೆ ಮಾಡಿದೆ. ಈ ಸಲ ಉತ್ತರವನ್ನು ತಿದ್ದುವ ಮೊದಲು, ಹೇಗೆ ಮಾಡಿದೆ ಎಂದು ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. 52ರಲ್ಲಿ 27 ಕಳೆದು 35 ಎಂದು ಬರೆದಿದ್ದ ಹುಡುಗಿ ಬಿಡಿಯ ಸ್ಥಾನದಲ್ಲಿ 7ರಿಂದ 2ನ್ನು ಕಳೆದಿದ್ದಳು. ಕಾರಣ ಕೇಳಿದಾಗ, "ದೊಡ್ಡದ್ರಾಗ ಸಣ್ಣದು ಕಳೀಬೇಕು ಅಂತ ನೀವ ಹೇಳೀರಲ್ರಿ, ಟೀಚರ್" ಎಂದಳು. ಎರಡನೇ ತರಗತಿಯಲ್ಲಿ ಅವಳಿಗೆ ಆ ಮಾತನ್ನು ಹೇಳಿಕೊಟ್ಟವಳು ನಾನೇ. ಅವಳು ಅದನ್ನು ನಿಷ್ಠೆಯಿಂದ ಪಾಲಿಸಿದ್ದಳು. ನಾನು ಅದನ್ನು ಅಜಾಗರೂಕತೆ ಎಂದು ಗುರುತು ಹಾಕಿ ಸೊನ್ನೆ ಕೊಟ್ಟಿದ್ದೆ.

ಹೋಲಿಕೆಯ ಗುಂಪಿನ ಎದುರು ನನ್ನ ವಿಧಾನದ ಲಾಭ ಮೊದಲು ಕಂಡದ್ದಕ್ಕಿಂತ ಚಿಕ್ಕದಾಗಿತ್ತು, ಅದನ್ನು ಹಾಗೆಯೇ ದಾಖಲಿಸಿದೆ. ಪ್ರಬಂಧದ ಅತಿ ದೀರ್ಘ ಅಧ್ಯಾಯ ಮಕ್ಕಳ ತಪ್ಪುಗಳ ವಿಶ್ಲೇಷಣೆಯದಾಯಿತು. ಈಗ ಎರಡನೇ ತರಗತಿಯಲ್ಲಿ ವ್ಯವಕಲನ ಆರಂಭಿಸುವಾಗ ಆ ಹಳೆಯ ವಾಕ್ಯವನ್ನು ಹೇಳುವುದಿಲ್ಲ. ಎರಡು ಬಿಡಿ ಕಡ್ಡಿಗಳಿಂದ ಏಳನ್ನು ತೆಗೆಯಲು ಹೇಳಿ, ಮಕ್ಕಳೇ ಹತ್ತರ ಕಟ್ಟಿನ ಕಡೆಗೆ ಕೈ ಚಾಚುವವರೆಗೆ ಕಾಯುತ್ತೇನೆ.